ಕೆಲಸದ ಕಲಿಕೆಯೂ ಕೃತಕ ಬುದ್ಧಿಯೂ: ಹಂದನಕೆರೆ ಸೀಮೆಯ ಕೊಬ್ಬರಿಯ ನಿದರ್ಶನ

೧

ಒಂದು ಕೆಲಸಕ್ಕೆ ಹೊಸದಾಗಿ ಸೇರಿದವನು ಆ ಕೆಲಸವನ್ನು ಯಾರಿಂದ, ಯಾವ ಮಾತಿನಲ್ಲಿ, ಎಷ್ಟು ಕಾಲದಲ್ಲಿ ಕಲಿಯುತ್ತಾನೆಂಬ ಪ್ರಶ್ನೆಯು ವ್ಯಾಪಾರಿಗಳ ಮತ್ತು ಅಧಿಕಾರಿಗಳ ಚಿಂತೆಗೆ ಸೇರಿದ್ದೆಂದು ಭಾವಿಸಲ್ಪಟ್ಟು, ಸಾಹಿತ್ಯವಿದ್ವಾಂಸರ ಗಮನಕ್ಕೆ ಹೆಚ್ಚಾಗಿ ಬಂದುದಿಲ್ಲ. ಆದರೆ ೨೦೨೨ರ ಕೊನೆಯಿಂದೀಚೆಗೆ, ಕೇಳಿದ ಪ್ರಶ್ನೆಗೆ ಮಾತಿನಲ್ಲಿಯೇ ಉತ್ತರ ಕೊಡುವ ಕೃತಕ ಬುದ್ಧಿಯ ಸಾಧನಗಳು ಸಾಮಾನ್ಯರ ಕೈಗೆ ಬಂದ ಮೇಲೆ, ಇದು ಭಾಷೆಯ ಪ್ರಶ್ನೆಯೂ ಆಗಿ ಪರಿಣಮಿಸಿದೆ. ಹೊಸಬನಿಗೆ ಕೆಲಸ ಕಲಿಸಲು ಇಂತಹ ಸಾಧನವನ್ನು ಕಟ್ಟುವುದಾದರೆ ಅದಕ್ಕೆ ಮೊದಲು ಬೇಕಾದುದು ಯಂತ್ರವಲ್ಲ. ಬಲ್ಲವರ ಮಾತಿನ ಶುದ್ಧವಾದ ಸಂಗ್ರಹ. ಇದನ್ನು ಸ್ಥಾಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ನಗರಗಳ ದೊಡ್ಡ ಕಚೇರಿಗಳ ಕಡೆಯಿಂದ ನೋಡುವುದು ವಾಡಿಕೆ. ಅಲ್ಲಿ ಹೊಸಬನಿಗೆ ಮೊದಲ ದಿನವೇ ನಿಯಮಗಳ ಪುಸ್ತಕವು ದೊರೆಯುತ್ತದೆ. ಯಂತ್ರವು ಆ ಪುಸ್ತಕವನ್ನು ಆಧರಿಸಿ ಉತ್ತರ ಹೇಳುವುದು ಅಷ್ಟೇನೂ ಕಷ್ಟವಲ್ಲ. ಪುಸ್ತಕವೇ ಇಲ್ಲದ ಕೆಲಸದಲ್ಲಿ ಏನಾಗುವುದೆಂಬುದೇ ನಿಜವಾದ ಪರೀಕ್ಷೆ. ಆದುದರಿಂದ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಐದು ಹೋಬಳಿಗಳಲ್ಲೊಂದಾದ ಹಂದನಕೆರೆಯ ಸೀಮೆಯನ್ನೂ, ಅಲ್ಲಿಯ ಉಂಡೆ ಕೊಬ್ಬರಿಯ ಕೆಲಸವನ್ನೂ ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ವಿವೇಚನೆ ಮಾಡಲಾಗಿದೆ.

೨

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಗೆ ತೆಂಗು ಜೀವನಾಧಾರವಾದ ಬೆಳೆಯೆಂಬುದೂ, ತಿಪಟೂರಿನ ಮಾರುಕಟ್ಟೆಯು ಉಂಡೆ ಕೊಬ್ಬರಿಗೆ ದೇಶದಲ್ಲಿಯೇ ಹೆಸರಾದುದೆಂಬುದೂ ವಿದಿತವೇ ಇದೆ. ಉಂಡೆ ಕೊಬ್ಬರಿಯನ್ನು ಮಾಡುವ ಕ್ರಮವು ಬೇರೆ ಕೊಬ್ಬರಿಯ ಕ್ರಮದಂತಲ್ಲ. ಚೆನ್ನಾಗಿ ಬಲಿತ ಕಾಯಿಗಳನ್ನು ಕೆಡವಿ, ಸಿಪ್ಪೆಯ ಸಮೇತ ಕೊಬ್ಬರಿ ಮನೆಯ ಅಟ್ಟದ ಮೇಲೆ ಹಾಕುತ್ತಾರೆ. ಅಲ್ಲಿ ಅವು ಎಂಟು ತಿಂಗಳಿಂದ ಒಂದು ವರ್ಷದವರೆಗೆ ನೆರಳಿನಲ್ಲಿ ಇರುತ್ತವೆ. ಒಳಗಣ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ತಾನಾಗಿಯೇ ಬಿಟ್ಟುಕೊಂಡು ಉಂಡೆಯಾಗಿ ನಿಲ್ಲುತ್ತದೆ. ಆಮೇಲೆ ಕಾಯನ್ನು ಇಳಿಸಿ, ಸಿಪ್ಪೆ ಸುಲಿದು, ಉಂಡೆಗೆ ಏಟು ತಗುಲದಂತೆ ಚಿಪ್ಪನ್ನು ಒಡೆದು, ಕೊಬ್ಬರಿಯನ್ನು ತೆಗೆದು, ಒಳ್ಳೆಯದನ್ನೂ ಕೌಟಾದದ್ದನ್ನೂ ಬೇರೆಬೇರೆಯಾಗಿ ಆರಿಸುತ್ತಾರೆ.

ಈ ಕೆಲಸದಲ್ಲಿ ತೋಳಿನ ಬಲಕ್ಕಿಂತ ತೀರ್ಮಾನದ ಬಲ ಹೆಚ್ಚಾಗಿ ಬೇಕಾಗುವ ಸ್ಥಳಗಳು ಮೂರು. ಕಾಯನ್ನು ಅಟ್ಟದಿಂದ ಇಳಿಸುವ ಕಾಲ ಬಂದಿದೆಯೇ ಎಂಬುದು ಮೊದಲನೆಯದು. ಇದಕ್ಕೆ ಪ್ರಮಾಣ ಕಿವಿ, ಹೇಗೆಂದರೆ ಅಲ್ಲಾಡಿಸಿದಾಗ ಉಂಡೆಯು ಚಿಪ್ಪಿನೊಳಗೆ ಆಡುವ ಸದ್ದನ್ನು ಕೇಳಿ ನಿಶ್ಚಯಿಸಬೇಕು. ಚಿಪ್ಪಿಗೆ ಎಲ್ಲಿ, ಎಷ್ಟು ಬಲದಿಂದ ಏಟು ಹಾಕಬೇಕೆಂಬುದು ಎರಡನೆಯದು. ಇದಕ್ಕೆ ಪ್ರಮಾಣ ಕೈ. ಹೊರಗೆ ಒಳ್ಳೆಯದಾಗಿ ಕಾಣುವ ಉಂಡೆಯು ಒಳಗೆ ಕೆಟ್ಟಿದೆಯೇ ಎಂಬುದು ಮೂರನೆಯದು. ಇದಕ್ಕೆ ಪ್ರಮಾಣ ಮೂಗು ಮತ್ತು ಕಣ್ಣು. ಇವುಗಳಲ್ಲಿ ಯಾವುದು ತಪ್ಪಿದರೂ ನಷ್ಟವು ಕೂಡಲೇ ರೂಪಾಯಿಗಳಲ್ಲಿ ಕಾಣುತ್ತದೆ. ಕೇಂದ್ರ ಸರ್ಕಾರವು ೨೦೨೫ರ ಹಂಗಾಮಿಗೆ ಗೊತ್ತುಮಾಡಿದ ಬೆಂಬಲ ಬೆಲೆಯು ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ ೧೨,೧೦೦ ರೂಪಾಯಿಯಾಗಿಯೂ, ಎಣ್ಣೆ ತೆಗೆಯುವ ಕೊಬ್ಬರಿಗೆ ೧೧,೫೮೨ ರೂಪಾಯಿಯಾಗಿಯೂ ಇತ್ತು. ಒಂದು ವರ್ಷ ಅಟ್ಟದ ಮೇಲೆ ಕಾದಿಟ್ಟ ಕಾಯಿಯು ಒಬ್ಬ ಹೊಸಬನ ಏಟಿನಿಂದ ಚೂರಾದರೆ, ಉಂಡೆಯೆಂಬ ಹೆಸರೇ ಅದಕ್ಕೆ ಸಲ್ಲದು.

ತೆಂಗಿನ ಮರ ಹತ್ತುವ ಕೆಲಸಕ್ಕೆ ತೆಂಗು ಅಭಿವೃದ್ಧಿ ಮಂಡಳಿಯು ೨೦೧೧ರಲ್ಲಿ ತರುಣರ ತರಬೇತಿಯೊಂದನ್ನು ಆರಂಭಿಸಿತು. ಅದರ ಅವಧಿ ಆರು ದಿನ. ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಅಷ್ಟರಲ್ಲಿ ಕಲಿಸಬಹುದು, ಏಕೆಂದರೆ ಅಲ್ಲಿ ಮಾಡಿದ ತಪ್ಪು ಆ ಕ್ಷಣದಲ್ಲಿಯೇ ತಿಳಿಯುತ್ತದೆ. ಅಟ್ಟದ ಕೆಲಸವು ಹಾಗಲ್ಲ. ಬಲಿಯದ ಕಾಯನ್ನು ಅಟ್ಟಕ್ಕೆ ಏರಿಸಿದವನಿಗೆ ತನ್ನ ತಪ್ಪು ಗೊತ್ತಾಗುವುದು ಬಹಳ ತಿಂಗಳುಗಳ ಮೇಲೆ. ಅಷ್ಟರಲ್ಲಿ ಅವನು ಬೇರೆ ಕೆಲಸಕ್ಕೆ ಹೋಗಿದ್ದರೂ ಹೋಗಿರಬಹುದು. ಕೃತ್ಯಕ್ಕೂ ಫಲಕ್ಕೂ ನಡುವೆ ಇಷ್ಟು ದೂರವಿರುವ ಕೆಲಸದಲ್ಲಿ ಸ್ವಾನುಭವವೊಂದನ್ನೇ ನಂಬಿ ಕಲಿಯಲು ಸಾಧ್ಯವಿಲ್ಲ. ಬಲ್ಲವರ ಮಾತು ಬೇಕೇ ಬೇಕು. ಹೊಸಬನಿಗೆ ನೆರವಾಗುವ ಸಾಧನಕ್ಕೆ ಅವಕಾಶವಿರುವುದೂ ಇಲ್ಲಿಯೇ.

೩

ಶಬ್ದದ ಅರ್ಥವು ಕಲಿಯುವವನಿಗೆ ಹೇಗೆ ತಿಳಿಯುತ್ತದೆಂಬುದನ್ನು ನಮ್ಮ ಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ವಿಚಾರಮಾಡಿದ್ದಾರೆ. ವ್ಯಾಕರಣ, ಕೋಶ, ಆಪ್ತವಾಕ್ಯ ಮೊದಲಾದ ಉಪಾಯಗಳಲ್ಲಿ ವೃದ್ಧವ್ಯವಹಾರವು ಮುಖ್ಯವಾದುದೆಂದು ಅವರ ಮತ. ಇಲ್ಲಿ ವೃದ್ಧನೆಂದರೆ ವಯಸ್ಸಾದವನೆಂದಲ್ಲ, ಭಾಷೆಯನ್ನು ಬಲ್ಲವನೆಂದು ಅರ್ಥ. ಒಬ್ಬನು ಇನ್ನೊಬ್ಬನಿಗೆ ಹಸುವನ್ನು ತರುವಂತೆ ಹೇಳುತ್ತಾನೆ, ಅವನು ತರುತ್ತಾನೆ, ಪಕ್ಕದಲ್ಲಿದ್ದ ಬಾಲಕನು ಮಾತನ್ನೂ ಕೃತ್ಯವನ್ನೂ ಒಟ್ಟಿಗೆ ಕಂಡು ಮಾತಿನ ಅರ್ಥವನ್ನು ಗ್ರಹಿಸುತ್ತಾನೆ. ಕೊಬ್ಬರಿ ಮನೆಯಲ್ಲಿ ನಡೆಯುವುದೂ ಇದೇ. "ಅಣ್ಣ, ಈ ಕಾಯಿ ಇಳಿಸಬಹುದಾ?" ಎಂದು ಹೊಸಬನು ಕೇಳಿದರೆ, "ಅಲ್ಲಾಡಿಸಿ ನೋಡಪ್ಪ, ಇನ್ನೂ ಆಡ್ತಾ ಇಲ್ಲ" ಎಂದು ಹಿರಿಯನು ಹೇಳುತ್ತಾನೆ. 'ಆಡು' ಎಂಬ ಶಬ್ದಕ್ಕೆ ಆ ಮನೆಯಲ್ಲಿ ಇರುವ ಅರ್ಥವು ಹೊಸಬನಿಗೆ ತಿಳಿಯುವುದು ಕೋಶದಿಂದಲ್ಲ, ಕೈಯಲ್ಲಿರುವ ಕಾಯಿಂದ.

ಕೃತಕ ಬುದ್ಧಿಯ ಭಾಷಾಯಂತ್ರವು ಕಲಿಯುವ ರೀತಿಯು ಇದಕ್ಕೆ ವಿಪರೀತವಾದುದು. ಅಪಾರವಾದ ಲಿಖಿತ ರಾಶಿಯನ್ನು ಅದಕ್ಕೆ ಉಣಿಸಿ, ಒಂದು ಶಬ್ದದ ಮುಂದೆ ಯಾವ ಶಬ್ದವು ಬರುವ ಸಂಭವವಿದೆಯೆಂಬುದನ್ನು ಎಣಿಸುವಂತೆ ಮಾಡಿರುತ್ತಾರೆ. ಶಬ್ದಕ್ಕೂ ಶಬ್ದಕ್ಕೂ ಇರುವ ಸಂಬಂಧವನ್ನು ಅದು ಆಶ್ಚರ್ಯವಾಗುವಷ್ಟು ಚೆನ್ನಾಗಿ ಬಲ್ಲದು. ಆದರೆ ಹಸುವನ್ನು ತಂದದ್ದನ್ನು ಅದು ಕಂಡಿಲ್ಲ. ಕಾಯನ್ನು ಅಲ್ಲಾಡಿಸಿ ಕೇಳಿಲ್ಲ. ಆದಕಾರಣ ಬರೆಹದಲ್ಲಿ ಯಾವುದು ಬಹುಳವೋ ಅದೇ ಅದಕ್ಕೆ ಸತ್ಯದಂತೆ ತೋರುತ್ತದೆ.

ಇದರಿಂದ ಹುಟ್ಟುವ ದೋಷವನ್ನು ಕೊಬ್ಬರಿಯ ವಿಷಯದಲ್ಲಿಯೇ ತೋರಿಸಬಹುದು. ಪ್ರಪಂಚದಲ್ಲಿ ಕೊಬ್ಬರಿಯನ್ನು ಕುರಿತ ಬರೆವಣಿಗೆಯ ಬಹುಭಾಗವು ಫಿಲಿಪ್ಪೀನ್ಸ್, ಇಂಡೊನೇಷ್ಯಾ, ಕೇರಳ ಮೊದಲಾದ ಕಡೆಗಳ ಎಣ್ಣೆ ಕೊಬ್ಬರಿಗೆ ಸಂಬಂಧಿಸಿದುದು. ಅಲ್ಲಿ ಕಾಯನ್ನು ಮೊದಲೇ ಎರಡು ಹೋಳಾಗಿ ಒಡೆದು, ಬಿಸಿಲಿನಲ್ಲಿಯೋ ಒಲೆಯ ಕಾವಿನಲ್ಲಿಯೋ ಕೆಲವು ದಿನಗಳಲ್ಲಿ ಒಣಗಿಸುತ್ತಾರೆ. ಹಂದನಕೆರೆಯ ಹೊಸಬನೊಬ್ಬನು ಕೊಬ್ಬರಿ ಮಾಡುವುದು ಹೇಗೆಂದು ಸಾಮಾನ್ಯವಾದ ಭಾಷಾಯಂತ್ರವನ್ನು ಕೇಳಿದರೆ, ಕಾಯನ್ನು ಒಡೆದು ಬಿಸಿಲಿಗೆ ಹಾಕೆಂಬ ಉತ್ತರ ಬರುವ ಸಂಭವವೇ ಹೆಚ್ಚು. ಉತ್ತರವು ಸುಳ್ಳಲ್ಲ, ಆದರೆ ಆ ಊರಿಗೆ ಸಲ್ಲುವುದಿಲ್ಲ. ಅದನ್ನು ನಂಬಿದವನಿಗೆ ಉಂಡೆಯ ಆಸೆಯೇ ಉಳಿಯುವುದಿಲ್ಲ.

ಶಬ್ದಗಳ ತೊಡಕು ಇನ್ನೂ ಗಹನವಾದುದು. 'ಕೆಡವು' ಎಂದರೆ ಗ್ರಂಥಭಾಷೆಯಲ್ಲಿ ಉರುಳಿಸುವುದು. ತೋಟದಲ್ಲಿ ಕಾಯಿ ಕೆಡವುವುದೆಂದರೆ ಕೊಯ್ಲು. 'ಸುಲಿ' ಎಂಬ ಧಾತುವು ವೃತ್ತಪತ್ರಿಕೆಗಳಲ್ಲಿ ದರೋಡೆಯ ಸುದ್ದಿಯೊಡನೆ ಬರುತ್ತದೆ. ಕೊಬ್ಬರಿ ಮನೆಯಲ್ಲಿ ಅದು ದಿನದ ಕೂಲಿಯ ಕೆಲಸ. 'ಮಟ್ಟೆ'ಯು ಒಂದು ಕಡೆ ಕಾಯಿಯ ಸಿಪ್ಪೆಗೂ ಮತ್ತೊಂದು ಕಡೆ ಗರಿಯ ಬುಡಕ್ಕೂ ಸಲ್ಲುತ್ತದೆ. ಇಲ್ಲಿ ಚಿಪ್ಪು ಅಥವಾ ಕರಟವೆಂದು ಹೇಳುವುದನ್ನು ಕರಾವಳಿಯವರು ಗೆರಟೆಯೆನ್ನುತ್ತಾರೆ. ತೆಂಗಿನ ಸಂಶೋಧನೆಗೆ ೧೯೧೬ರಲ್ಲಿ ಸ್ಥಾಪಿತವಾದ ಕೇಂದ್ರವು ಕಾಸರಗೋಡಿನಲ್ಲಿದೆ. ಕರಾವಳಿಯ ಮಾತಿನಲ್ಲಿ ಬರೆದ ತೆಂಗಿನ ಪುಸ್ತಿಕೆಯನ್ನು ಬಯಲುಸೀಮೆಯ ಹೊಸಬನಿಗೆ ಓದಿ ಹೇಳುವಾಗ ಈ ಅಂತರವನ್ನು ತಿಳಿದವರೊಬ್ಬರು ನಡುವೆ ಇರಲೇಬೇಕು. ಒಂದು ಭಾಷೆಯ ಒಳಗೇ ಇರುವ ಈ ಅನುವಾದದ ಕೆಲಸವನ್ನು ಯಂತ್ರವು ತಾನಾಗಿ ಮಾಡಿಕೊಳ್ಳುವುದೆಂದು ನಂಬಿ ಕೂರುವುದು ಸರಿಯಲ್ಲ.

ಹಾಗೆಂದು ಕನ್ನಡಕ್ಕೆ ಯಂತ್ರದ ಸಲಕರಣೆಗಳು ಇಲ್ಲವೆಂದು ತಿಳಿಯತಕ್ಕದ್ದಲ್ಲ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯು ೨೦೨೨ರಲ್ಲಿ ಕಾರ್ಯರೂಪಕ್ಕೆ ಬಂದಿತು. ಮದರಾಸಿನ ಐ.ಐ.ಟಿ.ಯ ಎಐ೪ಭಾರತ್ ಬಳಗದವರು ೨೦೨೩ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗೂ ಅನುವಾದದ ಯಂತ್ರವೊಂದನ್ನು ಸಿದ್ಧಪಡಿಸಿ ಎಲ್ಲರ ಉಪಯೋಗಕ್ಕೆ ಬಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆಯು ಕೃಷಿ ಮತ್ತು ಹಣಕಾಸಿನ ವಿಷಯಗಳಲ್ಲಿ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳ ಮಾತನ್ನು, ಅವುಗಳ ಪ್ರಾಂತಭೇದಗಳೊಡನೆ, ಸಂಗ್ರಹಿಸುವ ಕೆಲಸವನ್ನು ಕೈಗೊಂಡಿತು. ಇವುಗಳಿಂದ ಯಂತ್ರಕ್ಕೆ ಕನ್ನಡದ ಕಿವಿಯೂ ಬಾಯಿಯೂ ಬಂದಿವೆ. ಏನನ್ನು ಹೇಳಬೇಕೆಂಬುದು ಮಾತ್ರ ಆಯಾ ಕೆಲಸದವರಿಂದಲೇ ಬರಬೇಕಾಗಿದೆ.

೪

ಸಾಧನವನ್ನು ಕಟ್ಟುವ ಕ್ರಮವನ್ನು ಈಗ ನಿರೂಪಿಸಬಹುದು.

ಮೊದಲನೆಯದು, ಪ್ರಶ್ನೆಗಳ ಸಂಗ್ರಹ. ಹೊಸಬನಿಗೆ ಏನು ತಿಳಿಯಬೇಕೆಂದು ಯಜಮಾನನು ಊಹಿಸಿ ಬರೆದ ಪಟ್ಟಿಗೂ, ಹೊಸಬನು ನಿಜವಾಗಿ ಕೇಳುವ ಪ್ರಶ್ನೆಗಳಿಗೂ ಬಹಳ ಅಂತರವಿರುತ್ತದೆ. ಕೊಬ್ಬರಿಯ ಗುಣವನ್ನು ಕುರಿತು ಯಜಮಾನನು ಹತ್ತು ಪುಟ ಹೇಳಬಹುದು. ಹೊಸಬನು ಕೇಳುವುದು ಒಡೆದುಹೋದ ಉಂಡೆಯನ್ನು ಎಲ್ಲಿ ಹಾಕಬೇಕು, ಅದಕ್ಕೆ ಕೂಲಿ ಹಿಡಿಯುತ್ತಾರೆಯೇ ಎಂದು. ಒಂದು ಹಂಗಾಮು ಪೂರ್ತಿ ಕೇಳಿಬಂದ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲಿಯೇ ಬರೆದಿಡುವುದು ಮೊದಲ ಹೆಜ್ಜೆ.

ಎರಡನೆಯದು, ಆಪ್ತರ ಉತ್ತರ. ಒಂದೊಂದು ಪ್ರಶ್ನೆಗೂ ಕೆಲಸ ಬಲ್ಲವರ ಉತ್ತರವನ್ನು ಅವರ ಧ್ವನಿಯಲ್ಲಿಯೇ ಮುದ್ರಿಸಿಕೊಂಡು, ಯಾರು, ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಹೇಳಿದರೆಂಬುದನ್ನು ಜೊತೆಯಲ್ಲಿಡಬೇಕು. ಕಾಯಿ ಅಟ್ಟದ ಮೇಲೆ ಎಷ್ಟು ತಿಂಗಳು ಇರಬೇಕೆಂಬುದಕ್ಕೆ ಇಬ್ಬರು ಎರಡು ಬಗೆಯಾಗಿ ಹೇಳಿದರೆ, ಒಂದನ್ನು ಅಳಿಸಿ ಇನ್ನೊಂದನ್ನು ಇಡಕೂಡದು. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಪ್ರತಿಗಳ ಹೆಸರಿನೊಡನೆ ಕೊಡುವಂತೆ ಇಲ್ಲಿಯೂ ಕೊಡಬೇಕು. ಒಬ್ಬರ ತೋಟ ಕೆರೆಯ ಹಿಂದಿನದೂ ಮತ್ತೊಬ್ಬರದು ಒಣನೆಲದ್ದೂ ಆಗಿರಬಹುದು. ಅಂತರಕ್ಕೆ ಕಾರಣವು ಅಲ್ಲಿಯೇ ಇರಬಹುದು.

ಮೂರನೆಯದು, ಯಂತ್ರದ ಜೋಡಣೆ. ೨೦೨೦ರಲ್ಲಿ ಪ್ರಕಟವಾದ ಸಂಶೋಧನೆಯೊಂದರಿಂದ ಒಂದು ವಿಧಾನವು ಪ್ರಚಾರಕ್ಕೆ ಬಂದಿದೆ. ಯಂತ್ರವು ತನ್ನ ನೆನಪಿನಿಂದಲೇ ಉತ್ತರ ಹೇಳದೆ, ಮೊದಲು ಗೊತ್ತಾದ ಸಂಗ್ರಹದಲ್ಲಿ ಪ್ರಶ್ನೆಗೆ ಸಂಬಂಧಪಟ್ಟ ಭಾಗವನ್ನು ಹುಡುಕಿ, ಅದನ್ನು ಆಧಾರವಾಗಿ ಇಟ್ಟುಕೊಂಡು ಮಾತು ಜೋಡಿಸುತ್ತದೆ. ಮೂಲವನ್ನು ಬಿಟ್ಟು ಕದಲದ ವ್ಯಾಖ್ಯಾನಕಾರನ ಕ್ರಮಕ್ಕೆ ಇದನ್ನು ಹೋಲಿಸಬಹುದು. ಆದರೂ ಈ ವಿಧಾನದಿಂದ ತಪ್ಪು ಪೂರ್ತಿ ನಿವಾರಣೆಯಾಗದು. ಯಂತ್ರವು ಆಧಾರವನ್ನು ಸರಿಯಾಗಿ ಹುಡುಕಿಯೂ ತಪ್ಪಾಗಿ ಅನ್ವಯ ಮಾಡಬಹುದು. ಆದುದರಿಂದ ಪ್ರತಿಯೊಂದು ಉತ್ತರದೊಡನೆಯೂ ಇದು ಯಾರ ಮಾತೆಂಬುದನ್ನು ಹೇಳುವಂತೆಯೂ, ಕೇಳಬೇಕೆಂದವನಿಗೆ ಮೂಲಧ್ವನಿಯೇ ಕೇಳಿಸುವಂತೆಯೂ ಮಾಡಬೇಕು. ಸಂಗ್ರಹದಲ್ಲಿ ಉತ್ತರವಿಲ್ಲದಿದ್ದರೆ ಯಂತ್ರವು ತನಗೆ ತಿಳಿಯದೆಂದು ಹೇಳಿ, ಕೇಳಬೇಕಾದ ಹಿರಿಯರ ಹೆಸರನ್ನು ಕೊಟ್ಟು ಸುಮ್ಮನಾಗಬೇಕು. ಉತ್ತರವಿಲ್ಲದ ಆ ಪ್ರಶ್ನೆಯು ಮರುದಿನದ ಸಂಗ್ರಹಕ್ಕೆ ಸಾಮಗ್ರಿಯಾಗುತ್ತದೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಎರಡು ಕೈಗಳೂ ಕಾಯಿಯ ಮೇಲಿರುವಾಗ ಹೊಸಬನು ಮೊಬೈಲು ಹಿಡಿದು ಯಂತ್ರವನ್ನು ಕೇಳುವುದೆಂತು, ಎದುರಿಗೇ ಕುಳಿತ ಹಿರಿಯನನ್ನು ಬಿಟ್ಟು ಯಂತ್ರವನ್ನು ಕೇಳುವುದೇತಕ್ಕೆ, ಎಂದು. ಆಕ್ಷೇಪವು ನ್ಯಾಯವಾದುದೇ. ಕೆಲಸ ನಡೆಯುತ್ತಿರುವಾಗ ಹಿರಿಯನೇ ಗುರು. ಯಂತ್ರದ ಕಾಲವು ಕೆಲಸಕ್ಕೆ ಮೊದಲು ಮತ್ತು ಕೆಲಸ ಮುಗಿದ ಮೇಲೆ. ಒಂದೇ ಪ್ರಶ್ನೆಯನ್ನು ಮೂರನೆಯ ಸಲ ಕೇಳಲು ನಾಚುವ ಹುಡುಗನಿಗೆ, ಓದುಬರೆಹ ಕಡಿಮೆಯಿರುವ ಹೆಂಗಸಿಗೆ, ಬೇರೆ ಸೀಮೆಯಿಂದ ಬಂದು ಇಲ್ಲಿಯ ಶಬ್ದಗಳು ತಿಳಿಯದವನಿಗೆ, ರಾತ್ರಿಯ ಹೊತ್ತು ಬೇಸರವಿಲ್ಲದೆ ನಾಲ್ಕು ಸಲ ಹೇಳುವ ಸಾಧನವು ಉಪಕಾರಿಯೇ ಸರಿ.

೫

ಸಾಧನವು ಉತ್ತರ ಕೊಟ್ಟರೆ ಸಾಕೇ, ಅಥವಾ ಕಲಿಸಬೇಕೇ ಎಂಬುದು ಮುಂದಿನ ವಿಚಾರ. ಇವೆರಡೂ ಒಂದೇ ಅಲ್ಲವೆಂಬುದಕ್ಕೆ ಈಚೆಗೆ ಪ್ರಮಾಣಗಳು ದೊರೆತಿವೆ.

ಬ್ರಿನ್ಯೋಲ್ಫ್‌ಸನ್, ಲೀ ಮತ್ತು ರೇಮಂಡ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನವು ಗ್ರಾಹಕರ ಪ್ರಶ್ನೆಗಳಿಗೆ ಬರೆಹದಲ್ಲಿ ಉತ್ತರಿಸುವ ೫,೧೭೯ ನೌಕರರಿಗೆ ಸಂಬಂಧಿಸಿದುದು. ಯಂತ್ರದ ಸಲಹೆ ದೊರೆತಾಗ ಗಂಟೆಗೆ ಪರಿಹಾರವಾಗುವ ಪ್ರಶ್ನೆಗಳ ಸಂಖ್ಯೆಯು ಸರಾಸರಿ ನೂರಕ್ಕೆ ೧೪ರಷ್ಟು ಹೆಚ್ಚಿತು. ಹೊಸಬರಲ್ಲಿಯೂ ಕಡಿಮೆ ಕುಶಲರಲ್ಲಿಯೂ ಅದು ೩೪ರಷ್ಟು ಹೆಚ್ಚಿತು. ನುರಿತವರಿಗೆ ಆದ ಲಾಭ ಅತ್ಯಲ್ಪ. ಕುಶಲರ ಮಾತಿನ ರೀತಿಯನ್ನು ಯಂತ್ರವು ಗ್ರಹಿಸಿ ಹೊಸಬರಿಗೆ ಹಂಚಿತೆಂಬುದು ಅವರು ಕೊಟ್ಟ ವಿವರಣೆ. ಇದರಿಂದ ಹೊಸಬರಿಗೆ ಉಪಕಾರವಾಗುವುದೆಂಬುದು ಸಿದ್ಧವಾಯಿತು.

ಆದರೆ ಇನ್ನೊಂದು ಅಧ್ಯಯನವು ಎಚ್ಚರಿಕೆ ಹೇಳುತ್ತದೆ. ಹಂಸಾ ಬಸ್ತಾನಿ ಮೊದಲಾದವರು ತುರ್ಕಿ ದೇಶದ ಸುಮಾರು ಒಂದು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಗಣಿತಾಭ್ಯಾಸವನ್ನು ಪರೀಕ್ಷಿಸಿ ೨೦೨೫ರಲ್ಲಿ ಪ್ರಕಟಿಸಿದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಯಂತ್ರವನ್ನು ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ನೂರಕ್ಕೆ ೪೮ರಷ್ಟು ಮುಂದಾದರು. ಸುಳುಹನ್ನು ಮಾತ್ರ ಕೊಟ್ಟು ಉತ್ತರವನ್ನು ಹಿಡಿದಿಡುವ ಯಂತ್ರವನ್ನು ಬಳಸಿದವರು ೧೨೭ರಷ್ಟು ಮುಂದಾದರು. ಆಮೇಲೆ ಯಂತ್ರವನ್ನು ತೆಗೆದು ಪರೀಕ್ಷೆ ಮಾಡಿದಾಗ, ಮೊದಲ ಗುಂಪಿನವರು ಯಂತ್ರವನ್ನೇ ಕಾಣದವರಿಗಿಂತ ೧೭ರಷ್ಟು ಹಿಂದೆ ಬಿದ್ದರು. ಎರಡನೆಯ ಗುಂಪಿನಲ್ಲಿ ಈ ಹಾನಿಯು ಬಹುಮಟ್ಟಿಗೆ ಕಾಣಲಿಲ್ಲ.

ಪಾಠಶಾಲೆಯಲ್ಲಿ ಓದಿದವರಿಗೆ ಇದು ಆಶ್ಚರ್ಯವಲ್ಲ. ರೂಪವನ್ನು ಕೇಳಿದ ಶಿಷ್ಯನಿಗೆ ಒಳ್ಳೆಯ ಉಪಾಧ್ಯಾಯನು ಸೂತ್ರವನ್ನು ನೆನಪಿಗೆ ತಂದುಕೊಟ್ಟು ರೂಪವನ್ನು ಶಿಷ್ಯನಿಂದಲೇ ಸಾಧಿಸಿಸುತ್ತಾನೆ. ಕೊಬ್ಬರಿಯ ಸಾಧನವೂ ಹಾಗೆಯೇ ಇರಬೇಕು. ಈ ಕಾಯನ್ನು ಇಳಿಸಬಹುದೇ ಎಂದು ಕೇಳಿದವನಿಗೆ, ಅಲ್ಲಾಡಿಸಿದಾಗ ಏನು ಕೇಳಿತು, ತೂಕವು ಕೈಗೆ ಹೇಗೆ ತೋರಿತು, ಪಕ್ಕದ ಕಾಯಿಗೂ ಇದಕ್ಕೂ ಏನು ಭೇದ ಎಂದು ಅದು ತಿರುಗಿ ಕೇಳಬೇಕು. ಹಿರಿಯರು ತೀರ್ಮಾನ ಹೇಳಿ ಒಡೆದು ತೋರಿಸಿದ ಮೇಲೆ, ಹೊಸಬನ ಊಹೆ ಸರಿಯಾಯಿತೇ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅಪಾಯದ ವಿಷಯಗಳಲ್ಲಿ ಮಾತ್ರ ಈ ನಿಯಮಕ್ಕೆ ಅಪವಾದವುಂಟು: ಕತ್ತಿಯ ಹಿಡಿತ, ಅಟ್ಟ ಹತ್ತುವ ಬಗೆ, ಬೆಂಕಿಯ ಎಚ್ಚರ, ಗಾಯವಾದಾಗ ಮಾಡತಕ್ಕದ್ದು ಇವುಗಳಲ್ಲಿ ಸುಳುಹು ಕೊಡುತ್ತ ಕೂರಬಾರದು, ಉತ್ತರವನ್ನು ಕೂಡಲೇ ಸ್ಪಷ್ಟವಾಗಿ ಹೇಳಬೇಕು.

ಸಾಧನವು ಫಲಿಸಿತೇ ಎಂಬುದರ ಪರೀಕ್ಷೆಯನ್ನೂ ಯಂತ್ರವಿಲ್ಲದಾಗಲೇ ಮಾಡಬೇಕು. ಆರು ತಿಂಗಳ ಮೇಲೆ ಮೊಬೈಲನ್ನು ಬದಿಗಿಟ್ಟು ಕುಳಿತ ಹೊಸಬನ ಮುಂದೆ ನೂರು ಕಾಯಿ ಇಟ್ಟರೆ ಎಷ್ಟು ಉಂಡೆ ಇಡಿಯಾಗಿ ಬರುವುವೆಂಬುದೇ ಆ ಪರೀಕ್ಷೆ.

೬

ಕಡೆಯದಾಗಿ, ಈ ವಿದ್ಯೆ ಯಾರದೆಂಬ ಪ್ರಶ್ನೆ. ಕೊಬ್ಬರಿ ಮನೆಯ ಹಿರಿಯ ಕೂಲಿಗಾರನಿಗೆ ಹೊಲವಿಲ್ಲದಿರಬಹುದು, ಮರಗಳಿಲ್ಲದಿರಬಹುದು. ಅವನ ಆಸ್ತಿಯೆಲ್ಲವೂ ಅವನ ಕಿವಿ ಮತ್ತು ಕೈಗಳಲ್ಲಿದೆ. ಹಂಗಾಮಿನಲ್ಲಿ ಅವನನ್ನೇ ಕರೆಯುವುದಕ್ಕೂ, ಕೂಲಿಯನ್ನು ಅವನು ಹೇಳಿದಂತೆ ಕೊಡುವುದಕ್ಕೂ ಅದೇ ಕಾರಣ. ಆ ಅರಿವನ್ನು ಅವನ ಬಾಯಿಂದ ಒಂದು ದಿನ ಬರೆದುಕೊಂಡು ಯಂತ್ರಕ್ಕೆ ತುಂಬಿ, ನಾಳೆ ಅದನ್ನೇ ತೋರಿಸಿ ಅವನ ಕೂಲಿಯನ್ನು ಇಳಿಸಿದರೆ ಅದು ಕಲಿಕೆಯ ಸಾಧನವಲ್ಲ, ವಿದ್ಯೆಯ ಸುಲಿಗೆ. ಮೇಲೆ ಹೇಳಿದ ೨೦೨೩ರ ಅಧ್ಯಯನದಲ್ಲಿ ಕುಶಲರ ರೀತಿಯಿಂದ ಹೊಸಬರಿಗೆ ಲಾಭವಾಯಿತು, ಕುಶಲರಿಗೆ ಹೆಚ್ಚೇನೂ ಆಗಲಿಲ್ಲವೆಂಬುದನ್ನು ಈ ಸಂದರ್ಭದಲ್ಲಿ ಮರೆಯತಕ್ಕದ್ದಲ್ಲ.

ಇದಕ್ಕೆ ಪರಿಹಾರವು ಅಸಾಧ್ಯವಾದುದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ 'ಕಾರ್ಯ' ಎಂಬ ಸಂಸ್ಥೆಯು ಯಂತ್ರಗಳ ಕಲಿಕೆಗಾಗಿ ಹಳ್ಳಿಗರಿಂದ ಮಾತನ್ನು ಮುದ್ರಿಸಿಕೊಳ್ಳುವಾಗ ಕೂಲಿಯನ್ನು ಕೊಡುವುದಲ್ಲದೆ, ಆ ಸಾಮಗ್ರಿಯು ಮತ್ತೆ ಮಾರಾಟವಾದರೆ ಅದರಲ್ಲಿ ಮಾತನಾಡಿದವರಿಗೂ ಪಾಲು ಸಲ್ಲುವಂತೆ ಏರ್ಪಾಟು ಮಾಡಿದೆ. ಹಂದನಕೆರೆಯಂತಹ ಸೀಮೆಯಲ್ಲಿ ಸಾಧನವನ್ನು ಕಟ್ಟುವವರು ಬಲ್ಲವರ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಹೇಳಿದ ಕಾಲಕ್ಕೆ ದಿನಗೂಲಿಗಿಂತ ಕಡಿಮೆಯಿಲ್ಲದ ಸಂಭಾವನೆ ಕೊಡಬೇಕು. ಅವರ ಹೆಸರನ್ನು ಉತ್ತರದೊಡನೆ ಉಳಿಸಬೇಕು. ಬೇಡವೆಂದಾಗ ಅವರ ಮಾತನ್ನು ತೆಗೆದುಹಾಕಬೇಕು. ಸಂಗ್ರಹವು ಒಬ್ಬ ಯಜಮಾನನ ಸ್ವತ್ತಾಗುವುದಕ್ಕಿಂತ ರೈತರ ಮತ್ತು ಕೂಲಿಗಾರರ ಸಂಘವೊಂದರ ವಶದಲ್ಲಿರುವುದು ಲೇಸು. ಹೆಸರು ಉಳಿದರೆ ಹೊಸಬನು ಯಂತ್ರದಿಂದ ಎದ್ದು ಆ ಹಿರಿಯನ ಬಳಿಗೇ ಹೋಗುವನು. ಸಾಧನದ ಪ್ರಯೋಜನವೂ ಅದೇ.

ಈ ಕೆಲಸದಲ್ಲಿ ಕನ್ನಡದ ಅಧ್ಯಾಪಕರಿಗೂ ವಿದ್ವಾಂಸರಿಗೂ ಸ್ಥಾನವಿದೆ. ಯಂತ್ರವನ್ನು ಕಟ್ಟುವ ಎಂಜಿನಿಯರಿಗೆ ಆಪ್ತನನ್ನು ಆರಿಸುವುದು, ಪಾಠಾಂತರವನ್ನು ಗುರುತಿಸುವುದು, ಪ್ರಾಂತಭೇದವನ್ನು ತಿದ್ದದೆ ಬರೆದುಕೊಳ್ಳುವುದು, ಶಬ್ದದ ಅರ್ಥವನ್ನು ಪ್ರಯೋಗದೊಡನೆ ನಿಶ್ಚಯಿಸುವುದು, ಇವುಗಳ ಅಭ್ಯಾಸವಿರುವುದಿಲ್ಲ. ಕೋಶರಚನೆ ಮತ್ತು ಗ್ರಂಥಸಂಪಾದನೆಗಳಲ್ಲಿ ಪಳಗಿದವರಿಗೆ ಇರುತ್ತದೆ. ಚಿಕ್ಕನಾಯಕನಹಳ್ಳಿ, ತಿಪಟೂರುಗಳ ಶಾಲೆ ಕಾಲೇಜುಗಳಲ್ಲಿ ಓದುವ ಮಕ್ಕಳ ಪೈಕಿ ಕೊಬ್ಬರಿಯ ಮನೆಗಳಿಂದ ಬಂದವರು ಬಹುಮಂದಿ. ಒಂದು ಹಂಗಾಮಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯು ತನ್ನ ಮನೆಯ ಅಟ್ಟದ ಕೆಳಗೆ ಕೇಳಿದ ಇಪ್ಪತ್ತು ಶಬ್ದಗಳನ್ನೂ ಹತ್ತು ಪ್ರಶ್ನೆಗಳನ್ನೂ, ಹೇಳಿದವರ ಒಪ್ಪಿಗೆಯಿಂದ ಬರೆದುತಂದರೆ, ಅಧ್ಯಾಪಕರು ಅವುಗಳನ್ನು ಮೂವರು ಬಲ್ಲವರ ಮುಂದೆ ಓದಿ ಶೋಧಿಸಿದರೆ, ಸಾಧನಕ್ಕೆ ಬೇಕಾದ ಮೊದಲ ಸಂಗ್ರಹವು ಸಿದ್ಧವಾಗುತ್ತದೆ. ಯಂತ್ರವು ಕಡೆಗೆ ಬಾರದೆ ಹೋದರೂ ಆ ಸಂಗ್ರಹವು ವೃತ್ತಿಪದಗಳ ಕೋಶವಾಗಿ ಉಳಿಯುವುದರಿಂದ, ಪಟ್ಟ ಶ್ರಮವು ವ್ಯರ್ಥವಾಗದು.